ಗಡುವಿಗೆ ಮೊದಲೇ ಕಳುಹಿಸಿದ್ದಕ್ಕೆ ಸಾಕ್ಷಿ ಏನು?

ಗಡುವಿಗೆ ಮುನ್ನವೇ ಕಳುಹಿಸಿದ ಮೇಲ್ಮನವಿಯೊಂದು ಗಡುವು ಮುಗಿದ ಮರುದಿನ ನ್ಯಾಯಾಲಯದಲ್ಲಿ ದಾಖಲಾದರೆ ಅದಕ್ಕೆ ಬೆಲೆ ಇದೆಯೇ? ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲಿ ಈ ಪ್ರಶ್ನೆಯನ್ನು ಎದುರಿಸಿತು. ಕೇಳಿದವನು ಕಂಬಿಗಳ ಹಿಂದಿದ್ದ ಕೈದಿ.

ಟೆನೆಸಿ ರಾಜ್ಯದ ಈತ ವಕೀಲರ ನೆರವಿಲ್ಲದೆ ಸಲ್ಲಿಸಿದ್ದ ಹೇಬಿಯಸ್ ಕಾರ್ಪಸ್ ಅರ್ಜಿ 1986ರ ಜನವರಿ 7ರಂದು ವಜಾಗೊಂಡಿತ್ತು. ಮೇಲ್ಮನವಿಯ ನೋಟಿಸ್ ಸಲ್ಲಿಸಲು ಇದ್ದದ್ದು 30 ದಿನ. 27ನೇ ದಿನ, ಅಂದರೆ ಫೆಬ್ರವರಿ 3ರಂದು, ಆತ ನೋಟಿಸನ್ನು ಜೈಲಿನ ಅಧಿಕಾರಿಗಳ ಕೈಗೆ ಒಪ್ಪಿಸಿದ. ನ್ಯಾಯಾಲಯದ ಮೊಹರು ಬಿದ್ದದ್ದು 31ನೇ ದಿನ! ಮೇಲ್ಮನವಿ ನ್ಯಾಯಾಲಯವು ತಡವಾಯಿತೆಂದು ಅದನ್ನು ತಳ್ಳಿಹಾಕಿತು.

'ಹ್ಯೂಸ್ಟನ್ ವಿರುದ್ಧ ಲ್ಯಾಕ್' ಎಂದು ಹೆಸರಾದ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಕೈದಿಯ ಪರ ತೀರ್ಪಿತ್ತಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಬ್ರೆನನ್ ಅವರ ತರ್ಕ ಸರಳ. ಹೊರಗಿರುವ ಕಕ್ಷಿದಾರ ಅಂಚೆಯನ್ನು ನಂಬದಿದ್ದರೆ ತಾನೇ ನ್ಯಾಯಾಲಯಕ್ಕೆ ಹೋಗಬಹುದು, ದೂರವಾಣಿಯಲ್ಲಿ ವಿಚಾರಿಸಬಹುದು. ಕೈದಿಗೆ ಜೈಲಿನ ಸಿಬ್ಬಂದಿಯೇ ಗತಿ. ಅವರಿಗೋ ವಿಳಂಬ ಮಾಡುವ ಆಸೆ ಇದ್ದರೂ ಇರಬಹುದು. ಆದ್ದರಿಂದ ಅವರ ಕೈಗೆ ಕೊಟ್ಟ ಕ್ಷಣವೇ ಸಲ್ಲಿಕೆಯ ಕ್ಷಣ. ಕೊಟ್ಟ ದಿನವನ್ನು ದೃಢಪಡಿಸಲು ಜೈಲಿನ ಅಂಚೆ ದಾಖಲೆ ಪುಸ್ತಕವಿತ್ತು. ನಮ್ಮ ಕಚೇರಿಗಳ ಜಾವಕ ವಹಿಯಂಥದ್ದೇ ಅದು. ಯಾರೂ ತಿರುವಿ ನೋಡದ ಇಂಥ ಪುಸ್ತಕವೂ ಕೆಲವೊಮ್ಮೆ ಕೆಲಸಕ್ಕೆ ಬರುತ್ತದೆ.

ಮುಂದೆ 1993ರಲ್ಲಿ ಈ ತತ್ವ ಮೇಲ್ಮನವಿ ನಿಯಮಾವಳಿಯನ್ನೇ ಸೇರಿತು. ಪತ್ರ ಒಪ್ಪಿಸಿದ ದಿನಾಂಕ ಹಾಗೂ ಅಂಚೆ ಶುಲ್ಕ ಪಾವತಿಯ ಕುರಿತು ಕೈದಿ ಪ್ರಮಾಣಪೂರ್ವಕ ಹೇಳಿಕೆ ನೀಡಬಹುದು. ಅಂಚೆ ಮೊಹರೂ ಪುರಾವೆಯಾಗಬಲ್ಲದೆಂದು 2016ರ ತಿದ್ದುಪಡಿ ಸ್ಪಷ್ಟಪಡಿಸಿತು.

ಹೊರಗಿನವರಿಗೆ ಈ ರಿಯಾಯಿತಿ ಇಲ್ಲ. ಆದರೆ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಕೊನೆಯ ದಿನದೊಳಗಿನ ಅಂಚೆ ಮೊಹರಿದ್ದರೆ ಸಾಕು. ವಕೀಲರ ಕಚೇರಿಯ ಯಂತ್ರ ಒತ್ತಿದ ಖಾಸಗಿ ಮುದ್ರೆ ನಡೆಯದು. ಮೊಹರು ಅಸ್ಪಷ್ಟವಾಗಿದ್ದರೆ ಕಳುಹಿಸಿದ ವಿವರಗಳ ಪ್ರಮಾಣಪತ್ರ ಬೇಕು. ಇದರಲ್ಲಿ ಹೊಸ ತೊಡಕೂ ಇದೆ. ಮೊಹರಿನ ದಿನಾಂಕವು ಪತ್ರ ಪೆಟ್ಟಿಗೆಗೆ ಬಿದ್ದ ದಿನವೇ ಆಗಿರಬೇಕಿಲ್ಲವೆಂದು ಅಲ್ಲಿನ ಅಂಚೆ ಇಲಾಖೆ 2025ರ ಡಿಸೆಂಬರ್ 24ರಿಂದ ಜಾರಿಯಾದ ನಿಯಮದಲ್ಲಿ ಹೇಳಿದೆ. ಗಡುವಿದ್ದವರು ಕೌಂಟರಿಗೇ ಹೋಗಿ ಕಣ್ಣೆದುರಿನಲ್ಲಿ ಮೊಹರು ಹಾಕಿಸಿಕೊಳ್ಳುವುದು ಲೇಸು.

ನಮ್ಮಲ್ಲೂ ಜೈಲಿನಲ್ಲಿರುವ ಮೇಲ್ಮನವಿದಾರ ಅರ್ಜಿಯನ್ನು ಜೈಲಿನ ಅಧಿಕಾರಿಗೇ ಒಪ್ಪಿಸಬಹುದು, ಆತ ಅದನ್ನು ನ್ಯಾಯಾಲಯಕ್ಕೆ ರವಾನಿಸಬೇಕು. ದಂಡ ಪ್ರಕ್ರಿಯಾ ಸಂಹಿತೆಯ 383ನೇ ಕಲಮಿನಲ್ಲಿದ್ದ ಈ ಅವಕಾಶ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 424ನೇ ಕಲಮಿನಲ್ಲಿದೆ.