'ವೈಮಾನಿಕ ಶಾಸ್ತ್ರ'ದ ಪ್ರಾಚೀನತೆ: ಹಸ್ತಪ್ರತಿಯ ಸಾಕ್ಷ್ಯ

ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ನಡೆಸಿದ ಹಾರಾಟಕ್ಕಿಂತ ಸಹಸ್ರಾರು ವರ್ಷಗಳ ಹಿಂದೆಯೇ ಭರದ್ವಾಜ ಮಹರ್ಷಿಯು 'ವೈಮಾನಿಕ ಶಾಸ್ತ್ರ'ವನ್ನು ರಚಿಸಿದನೆಂಬ ಮಾತು ಆಗಾಗ ಕೇಳಿಬರುತ್ತದೆ. ಇಂಥ ವಾದಕ್ಕೆ ಮೊದಲ ಸಾಕ್ಷಿ ಹಸ್ತಪ್ರತಿಯೇ ಆಗಬೇಕು. ಈ ಕೃತಿಗಾದರೋ 1918ಕ್ಕಿಂತ ಹಿಂದಿನ ಪ್ರತಿಯೊಂದೂ ತಿಳಿದುಬಂದಿಲ್ಲ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಆ ವರ್ಷದಿಂದ 1923ರವರೆಗೆ ಹೇಳುತ್ತ ಹೋದ ಶ್ಲೋಕಗಳನ್ನು ವೆಂಕಟಾಚಲ ಶರ್ಮರು ಬರೆದುಕೊಂಡರು. ಚಿತ್ರಗಳನ್ನು ಬೆಂಗಳೂರಿನ ಎಲ್ಲಪ್ಪನವರು ಶಾಸ್ತ್ರಿಗಳ ಸೂಚನೆಯಂತೆ ರಚಿಸಿದರು. ಲಿಪಿಕಾರನ ಹೆಸರೂ ಬರೆದ ಕಾಲವೂ ಇಷ್ಟು ಸ್ಪಷ್ಟವಾಗಿರುವ 'ಪ್ರಾಚೀನ' ಗ್ರಂಥಗಳು ವಿರಳವೇ ಸರಿ! ಜಿ. ಆರ್. ಜೋಸ್ಯರ್ ಅವರು 1973ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಮೈಸೂರಿನಲ್ಲಿ ಪ್ರಕಟಿಸಿದರು.

ಮರುವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮೊದಲಾದ ಐವರು ವಿದ್ವಾಂಸರು ಕೃತಿಯನ್ನು ಪರಿಶೀಲಿಸಿದರು. ಶ್ಲೋಕಗಳ ಸಂಸ್ಕೃತವು ವೈದಿಕವಲ್ಲ, ಆಧುನಿಕವಾದುದು. ರಚನೆಯು 1904ಕ್ಕಿಂತ ಹಿಂದಿನದಾಗಿರಲಾರದು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳಲ್ಲಿ ಒಂದಕ್ಕೂ ಹಾರುವ ಗುಣವಿಲ್ಲ ಎಂಬುದು ಅವರ ನಿರ್ಣಯ. ಇದರಿಂದ ಶಾಸ್ತ್ರಿಗಳು ವಂಚಕರೆಂದು ಸಿದ್ಧವಾಗುವುದಿಲ್ಲ; ಕೃತಿಯ ಕಾಲವಷ್ಟೇ ನಿಶ್ಚಿತವಾಗುತ್ತದೆ.

ಭೋಜರಾಜನ 'ಸಮರಾಂಗಣ ಸೂತ್ರಧಾರ'ದ ಮಾತು ಬೇರೆ. ಹನ್ನೊಂದನೆಯ ಶತಮಾನದ ಆ ಗ್ರಂಥದ ಯಂತ್ರಾಧ್ಯಾಯದಲ್ಲಿ ಹಗುರವಾದ ಮರದ ಹಕ್ಕಿಯೊಂದರ ವರ್ಣನೆಯಿದೆ. ಅದರ ಒಡಲಲ್ಲಿ ಪಾದರಸ, ಕೆಳಗೆ ಅಗ್ನಿ. ನಿರ್ಮಾಣಕ್ರಮವನ್ನು ಗೋಪ್ಯತೆಗಾಗಿ ಬಿಟ್ಟಿರುವುದಾಗಿ ಗ್ರಂಥಕಾರನೇ ಹೇಳುತ್ತಾನೆ. ಆ ಹಕ್ಕಿ ಹಾರಿತೆನ್ನಲು ಆಧಾರವಿಲ್ಲ; ಆದರೆ ಅಂದಿನವರು ಹಾರಾಟವನ್ನು ಹೇಗೆ ಕಲ್ಪಿಸಿಕೊಂಡಿದ್ದರೆಂಬುದಕ್ಕೆ ಅದು ನಂಬತಕ್ಕ ಸಾಕ್ಷಿ.