ಅಂಕಿತ ಸುಳ್ಳಾದರೆ ಮಾತೂ ಸುಳ್ಳೇ?

1979ರ ಡಿಸೆಂಬರ್ ತಿಂಗಳು. ನೊಬೆಲ್ ಶಾಂತಿ ಪ್ರಶಸ್ತಿ ಸ್ವೀಕರಿಸಲು ನಾರ್ವೆಯ ಓಸ್ಲೋ ನಗರಕ್ಕೆ ಹೋಗಿದ್ದ ಮದರ್ ತೆರೇಸಾ ಉಪನ್ಯಾಸದ ಆರಂಭದಲ್ಲೇ ಸಭಿಕರನ್ನೆಲ್ಲ ಒಂದು ಪ್ರಾರ್ಥನೆಗೆ ಕರೆದರು. ತನ್ನನ್ನು ಶಾಂತಿಯ ಕೆಲಸಕ್ಕೆ ಬಳಸಿಕೊಳ್ಳುವಂತೆ ದೇವರನ್ನು ಬೇಡುವ ಆ ಪ್ರಾರ್ಥನೆ ಇಟಲಿಯ ಅಸಿಸಿಯ ಸಂತ ಫ್ರಾನ್ಸಿಸರದೆಂದು ಜಗತ್ತು ನಂಬಿದೆ. ತಮ್ಮ ಸಂಘದವರು ದಿನವೂ ಅದನ್ನು ಹೇಳುತ್ತಾರೆಂದ ತೆರೇಸಾ, ನಾನೂರು ಐನೂರು ವರ್ಷಗಳ ಹಿಂದೆ ಫ್ರಾನ್ಸಿಸರು ಇದನ್ನು ರಚಿಸಿದಾಗಲೂ ಜನರ ಕಷ್ಟಗಳು ಇವೇ ಆಗಿದ್ದವಲ್ಲ ಎಂದು ಬೆರಗುಪಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ ಬ್ರಿಟನ್ನಿನ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್ ಕೂಡ ಅಧಿಕೃತ ನಿವಾಸದ ಬಾಗಿಲಲ್ಲಿ ನಿಂತು ಇದರ ಸಾಲುಗಳನ್ನೇ ಹೇಳಿದ್ದರು. ನಮ್ಮ ಎಷ್ಟೋ ಕಾನ್ವೆಂಟ್ ಶಾಲೆಗಳ ಮಕ್ಕಳಿಗೂ ಇದು ಹಾಡಾಗಿ ಬಾಯಿಪಾಠ.

ಫ್ರಾನ್ಸಿಸರು ತೀರಿಕೊಂಡದ್ದು 1226ರಲ್ಲಿ. ಅವರ ಬರಹಗಳ ಹಳೆಯ ಹಸ್ತಪ್ರತಿಗಳಲ್ಲಿ ಎಲ್ಲಿ ಹುಡುಕಿದರೂ ಈ ಪ್ರಾರ್ಥನೆ ಇಲ್ಲ. ಅದು ಮೊದಲು ಅಚ್ಚಾದದ್ದು 1912ರ ಡಿಸೆಂಬರಿನಲ್ಲಿ, ಪ್ಯಾರಿಸಿನ 'ಲಾ ಕ್ಲೋಶೆಟ್' ಎಂಬ ಸಣ್ಣ ಧಾರ್ಮಿಕ ಪತ್ರಿಕೆಯಲ್ಲಿ. ಭಾಷೆ ಫ್ರೆಂಚ್, ಬರೆದವರ ಹೆಸರಿಲ್ಲ. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ವ್ಯಾಟಿಕನ್ನಿನ ಪತ್ರಿಕೆ ಅದನ್ನು ಪ್ರಕಟಿಸಿತು. ಆಮೇಲೆ ಯಾರೋ ಫ್ರಾನ್ಸಿಸರ ಚಿತ್ರವಿದ್ದ ಕಾರ್ಡಿನ ಹಿಂಬದಿಗೆ ಈ ಪ್ರಾರ್ಥನೆಯನ್ನು ಅಚ್ಚು ಹಾಕಿಸಿದರು. ಮುಂದೆ ಚಿತ್ರ, ಹಿಂದೆ ಮಾತು. ಎರಡನ್ನೂ ಜನರ ಮನಸ್ಸೇ ಒಂದುಗೂಡಿಸಿತು. ಇಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಿದಂತೆ ಕಾಣುವುದಿಲ್ಲ. ಫ್ರೆಂಚ್ ಇತಿಹಾಸಕಾರ ಕ್ರಿಸ್ತಿಯಾನ್ ರೆನು ಈ ಜಾಡನ್ನೆಲ್ಲ ಹಿಡಿದು 2001ರಲ್ಲಿ ಪುಸ್ತಕವನ್ನೇ ಬರೆದರು.

ಹಾಗಾದರೆ ಇಷ್ಟು ವರ್ಷ ಆ ಪ್ರಾರ್ಥನೆಯಿಂದ ಸಮಾಧಾನ ಕಂಡವರು ಮೋಸಹೋದರೇ? ಹಾಗೆನ್ನುವುದು ಕಷ್ಟ. ಸಿಟ್ಟನ್ನು ನುಂಗಿಕೊಂಡು ಕ್ಷಮಿಸಿದವನಿಗೆ ಸಿಕ್ಕ ನೆಮ್ಮದಿ ಫ್ರಾನ್ಸಿಸರ ಸಹಿಯಿಂದ ಬಂದದ್ದಲ್ಲ, ಕ್ಷಮಿಸಿದ್ದರಿಂದ ಬಂದದ್ದು. ಹೇಳಿದ್ದನ್ನು ಮಾಡಿ ನೋಡಿ ನಿಜವೋ ಸುಳ್ಳೋ ಎಂದು ತಾನೇ ಅರಿಯಬಹುದಾದ ಮಾತಿಗೆ ಹೇಳಿದವರ ಹೆಸರಿನ ಆಸರೆ ಬೇಕಿಲ್ಲ. 'ಯೋಗವಾಸಿಷ್ಠ'ವೂ ಹೇಳುವುದು ಇದನ್ನೇ: ಯುಕ್ತಿಗೆ ಒಪ್ಪುವ ಮಾತನ್ನು ಮಗು ಆಡಿದರೂ ತೆಗೆದುಕೋ, ಒಪ್ಪದ್ದನ್ನು ಬ್ರಹ್ಮನೇ ಆಡಿದರೂ ಬಿಡು. ವಾಲ್ಮೀಕಿಯ ಹೆಸರಿನಲ್ಲಿರುವ ಆ ಗ್ರಂಥ ರಾಮಾಯಣಕ್ಕಿಂತ ಎಷ್ಟೋ ಶತಮಾನ ಈಚಿನದೆಂಬುದು ವಿದ್ವಾಂಸರ ಅಭಿಪ್ರಾಯ. ಅದರ ಸಲಹೆ ಅದಕ್ಕೂ ಅನ್ವಯಿಸುತ್ತದೆ.

ಆದರೆ ಎಲ್ಲ ಬೋಧನೆಯೂ ಇಂಥದ್ದಲ್ಲ. 'ನಾನು ಅಲ್ಲಿದ್ದೆ, ಕಣ್ಣಾರೆ ಕಂಡೆ, ನನ್ನನ್ನು ನಂಬು' ಎನ್ನುವ ಬೋಧನೆಯೂ ಉಂಟು. ಅಲ್ಲಿ ಲೆಕ್ಕ ಬೇರೆ.

1956ರಲ್ಲಿ ಲಂಡನ್ನಿನಲ್ಲಿ 'ದಿ ಥರ್ಡ್ ಐ' ಎಂಬ ಪುಸ್ತಕ ಹೊರಬಂತು. ಲೇಖಕ ಟಿಬೆಟ್ಟಿನ ಲಾಮಾ ಲೋಬ್ಸಾಂಗ್ ರಾಂಪಾ. ಎಂಟನೇ ಹುಟ್ಟುಹಬ್ಬದ ದಿನ ಗುರುಗಳು ತನ್ನ ಹಣೆಯ ಎಲುಬಿಗೆ ರಂಧ್ರ ಕೊರೆದು ಮೂರನೇ ಕಣ್ಣು ತೆರೆದರೆಂದೂ, ಅಂದಿನಿಂದ ಮನುಷ್ಯರ ಸುತ್ತಲಿನ ಪ್ರಭೆ ತನಗೆ ಕಾಣುತ್ತದೆಂದೂ ಆತ ಬರೆದಿದ್ದ. ಪುಸ್ತಕ ಬಿಸಿದೋಸೆಯಂತೆ ಖರ್ಚಾಯಿತು. ಟಿಬೆಟ್ಟನ್ನು ಬಲ್ಲವರಿಗೆ ಮಾತ್ರ ಪುಟಪುಟದಲ್ಲೂ ಅನುಮಾನ ಬಂತು. ಅವರು ಲಿವರ್‌ಪೂಲಿನ ಒಬ್ಬ ಪತ್ತೇದಾರನನ್ನು ನೇಮಿಸಿದರು. 1958ರಲ್ಲಿ ಗುಟ್ಟು ರಟ್ಟಾಯಿತು. ಈ ಲಾಮಾ ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ ನಲ್ಲಿ ಕೆಲಸದವನ ಮಗನಾಗಿ ಹುಟ್ಟಿದ ಸಿರಿಲ್ ಹಾಸ್ಕಿನ್. ಟಿಬೆಟ್ಟಿಗೆ ಕಾಲಿಟ್ಟವನಲ್ಲ. ಕೇಳಿದಾಗ ಆತ ಕೊಟ್ಟ ಉತ್ತರವೂ ದಾಖಲಾಗಿದೆ: ಗೂಬೆಯ ಫೋಟೋ ತೆಗೆಯಲು ಮರ ಹತ್ತಿ ಬಿದ್ದು ಎಚ್ಚರ ತಪ್ಪಿದಾಗ ಒಬ್ಬ ಲಾಮಾನ ಆತ್ಮ ತನ್ನ ಮೈಯೊಳಗೆ ಬಂದು ನೆಲೆಸಿತಂತೆ. 1981ರಲ್ಲಿ ಕೆನಡಾದಲ್ಲಿ ಸಾಯುವವರೆಗೂ ಆತ ಈ ಮಾತನ್ನು ಬಿಡಲಿಲ್ಲ, ಪುಸ್ತಕ ಬರೆಯುವುದನ್ನೂ ಬಿಡಲಿಲ್ಲ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡೊನಾಲ್ಡ್ ಲೋಪೆಜ್ ಬೌದ್ಧ ಅಧ್ಯಯನದಲ್ಲಿ ದೊಡ್ಡ ಹೆಸರು. ಅವರೊಮ್ಮೆ ಈ ಪುಸ್ತಕವನ್ನು, ಅದರ ಹಿನ್ನೆಲೆ ತಿಳಿಸದೆ, ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಎಲ್ಲರೂ ಮೆಚ್ಚಿದರು, ನಂಬಿದರು. ನಿಜ ಹೇಳಿದ ಮೇಲೆ ಅವರಿಗೆ ಆಘಾತ. ಕೂಡಲೇ ಎದ್ದ ಪ್ರಶ್ನೆ, ಇದರಲ್ಲಿ ದಿಟವೆಷ್ಟು, ಕಟ್ಟುಕತೆಯೆಷ್ಟು? ಟಿಬೆಟ್ಟಿನ ಅಧ್ಯಯನಕ್ಕೆ ಜೀವನ ಮುಡಿಪಿಟ್ಟ ಕೆಲವು ಯುರೋಪಿಯನ್ ವಿದ್ವಾಂಸರಿಗೂ ಮೊದಲ ಸೆಳೆತ ಹುಟ್ಟಿಸಿದ್ದು ರಾಂಪಾನ ಪುಸ್ತಕವೇ ಎಂಬುದನ್ನು ಲೋಪೆಜ್ ದಾಖಲಿಸುತ್ತಾರೆ. ಸುಳ್ಳು ಬಾಗಿಲಿನಿಂದ ಹೊಕ್ಕವರು ನಿಜವಾದ ಮನೆಗೇ ಸೇರಿದರು ಎನ್ನಬೇಕು. ಆದರೂ ಆ ಪುಸ್ತಕದ ಸಾರವೆಲ್ಲ ನಿಂತದ್ದು 'ನನ್ನ ಹಣೆ ಕೊರೆದರು' ಎಂಬ ಸಾಕ್ಷ್ಯದ ಮೇಲೆ. ಸಾಕ್ಷಿ ಅಲ್ಲಿರಲೇ ಇಲ್ಲವೆಂದ ಮೇಲೆ ಉಳಿಯುವುದು ದಯೆ, ಸಂಯಮಗಳ ಬಗ್ಗೆ ಯಾರಾದರೂ ಹೇಳಬಹುದಾದ ನಾಲ್ಕು ಒಳ್ಳೆಯ ಮಾತು.

ನಿಜವಾದ ಲಾಮಾಗಳು ಕನ್ನಡಿಗರಿಗೆ ದೂರದವರಲ್ಲ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಬಳಿಕ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲೂ ಉತ್ತರ ಕನ್ನಡದ ಮುಂಡಗೋಡಿನಲ್ಲೂ ಟಿಬೆಟನ್ನರು ನೆಲೆಯೂರಿದರು. ಅಲ್ಲಿನ ಮಠಗಳಲ್ಲಿ ಹುಡುಗರು ವರ್ಷಗಟ್ಟಲೆ ಗ್ರಂಥ ಓದಿ, ಅಂಗಳದಲ್ಲಿ ಚಪ್ಪಾಳೆ ತಟ್ಟಿ ವಾದ ಮಾಡಿ ಪಂಡಿತರಾಗುತ್ತಾರೆ. ಹಣೆ ಕೊರೆಯುವ ಪದ್ಧತಿ ಅಲ್ಲಿಲ್ಲ.

ಆದರೆ ಈ ಪ್ರಶ್ನೆಗೆ ಇನ್ನೊಂದು ಮುಖ ತೋರಿಸುವ ಸಂಗತಿಯೂ ಬೈಲಕುಪ್ಪೆಯಲ್ಲೇ ಇದೆ. ಪ್ರವಾಸಿಗರು 'ಗೋಲ್ಡನ್ ಟೆಂಪಲ್' ಎಂದು ಕರೆಯುವ ನಾಮ್‌ಡ್ರೋಲಿಂಗ್ ಮಠವನ್ನು 1963ರಲ್ಲಿ ಕಟ್ಟಲು ಶುರುಮಾಡಿದವರು ಪೆನೋರ್ ರಿಂಪೋಚೆ. ಅದು ಟಿಬೆಟ್ಟಿನ ಅತ್ಯಂತ ಹಳೆಯ ಪಂಥವಾದ ನ್ಯಿಂಗ್ಮಾಕ್ಕೆ ಸೇರಿದ್ದು. ಈ ಪಂಥದವರು 'ತೆರ್ಮಾ' ಎಂಬ ಗ್ರಂಥಗಳನ್ನು ಪೂಜ್ಯವೆಂದು ಕಾಣುತ್ತಾರೆ. ತೆರ್ಮಾ ಎಂದರೆ ನಿಧಿ. 8ನೇ ಶತಮಾನದಲ್ಲಿ ಪದ್ಮಸಂಭವ ಗುರು ಮುಂದಿನ ಕಾಲದವರಿಗೆಂದು ಬೋಧನೆಗಳನ್ನು ಬಂಡೆಯಲ್ಲಿ, ಕೆರೆಯಲ್ಲಿ, ಶಿಷ್ಯರ ಮನಸ್ಸಿನಲ್ಲಿ ಹುದುಗಿಸಿಟ್ಟ, ತಕ್ಕ ಕಾಲಕ್ಕೆ ತಕ್ಕವರಿಗೆ ಅವು ದೊರೆಯುತ್ತವೆ ಎಂಬುದು ನಂಬಿಕೆ. ನಾಮ್‌ಡ್ರೋಲಿಂಗ್‌ನ ಪರಂಪರೆ ಅನುಸರಿಸುವ ಮುಖ್ಯ ಸಾಧನೆಗಳು 17ನೇ ಶತಮಾನದಲ್ಲಿ ಮಿಂಗ್ಯುರ್ ದೋರ್ಜೆ ಎಂಬ ಎಳೆಯ ಹುಡುಗನಿಗೆ ದರ್ಶನದಲ್ಲಿ ಒದಗಿದವು. ಇಪ್ಪತ್ತೈದು ತುಂಬುವ ಮೊದಲೇ ಆತ ತೀರಿಕೊಂಡ.

ಇತಿಹಾಸಕಾರನ ಕಣ್ಣಿಗೆ ಇದು 17ನೇ ಶತಮಾನದ ರಚನೆ. ರಾಂಪಾನಿಗೂ ಈ ಹುಡುಗನಿಗೂ ವ್ಯತ್ಯಾಸವೇನು ಎಂದು ಯಾರಾದರೂ ಕೇಳಬಹುದು. ವ್ಯತ್ಯಾಸ ದೊಡ್ಡದು. ತೆರ್ಮಾ ಸಿಕ್ಕಿತೆಂದವರನ್ನೆಲ್ಲ ಟಿಬೆಟನ್ನರು ಕಣ್ಣುಮುಚ್ಚಿ ನಂಬಲಿಲ್ಲ. ಯಾವುದು ಅಸಲಿ, ಯಾವುದು ನಕಲಿ ಎಂದು ಅವರಲ್ಲೇ ಶತಮಾನಗಳ ವಾಗ್ವಾದ ನಡೆದಿದೆ. ಕಂಡವನ ನಡತೆ ಎಂಥದ್ದು, ಹಳೆಯ ಶಾಸ್ತ್ರದೊಂದಿಗೆ ಅದು ಹೊಂದುತ್ತದೆಯೇ, ಸಾಧನೆ ಮಾಡಿದವರ ಬಾಳು ಏನಾಯಿತು ಎಂದು ಎಲ್ಲರೆದುರು ಪರೀಕ್ಷೆಯಾಗಿದೆ. ತಲೆಮಾರುಗಳು ಅದನ್ನು ಬದುಕಿ ನೋಡಿವೆ. ರಾಂಪಾ ಹೇಳಿದ್ದನ್ನು ಪರೀಕ್ಷಿಸಲು ರಾಂಪಾನ ಹೊರತು ಯಾರೂ ಇರಲಿಲ್ಲ.

ಬೌದ್ಧರಿಗೆ ಈ ಸಮಸ್ಯೆ ಬುದ್ಧನ ಕಾಲದಿಂದಲೇ ಗೊತ್ತು. ಪಾಲಿ ಗ್ರಂಥವೊಂದರಲ್ಲಿ ಭಿಕ್ಷುವೊಬ್ಬನನ್ನು 'ಈ ಒಳ್ಳೆಯ ಮಾತು ನಿನ್ನದೋ ಬುದ್ಧನದೋ' ಎಂದು ಕೇಳುವ ಪ್ರಸಂಗವಿದೆ. ಆತ ಕೊಡುವ ಹೋಲಿಕೆ ಹೊಲಗದ್ದೆ ಕಂಡವರಿಗೆ ಥಟ್ಟನೆ ತಿಳಿಯುತ್ತದೆ. ಊರ ಬಳಿ ಧಾನ್ಯದ ದೊಡ್ಡ ರಾಶಿಯಿದೆ. ಒಬ್ಬ ಬುಟ್ಟಿಯಲ್ಲಿ, ಒಬ್ಬಳು ಮಡಿಲಲ್ಲಿ, ಇನ್ನೊಬ್ಬ ಬೊಗಸೆಯಲ್ಲಿ ಒಯ್ಯುತ್ತಾರೆ. ಎಲ್ಲಿಂದ ತಂದಿರಿ ಎಂದರೆ ಎಲ್ಲರೂ ತೋರಿಸುವುದು ಅದೇ ರಾಶಿಯನ್ನು. ಹಾಗೆಯೇ ಚೆನ್ನಾಗಿ ಆಡಿದ ಮಾತೆಲ್ಲ ಬುದ್ಧನದೇ ಎನ್ನುತ್ತಾನೆ ಆ ಭಿಕ್ಷು. ರಾಜಸ್ಥಾನದ ಬೈರಾಟದಲ್ಲಿ 1840ರಲ್ಲಿ ಸಿಕ್ಕ ಅಶೋಕನ ಶಾಸನದ ಮಾತು ಇದಕ್ಕೆ ತಿರುಗುಮುರುಗು: ಬುದ್ಧ ಆಡಿದ್ದೆಲ್ಲ ಒಳ್ಳೆಯ ಮಾತೇ ಎಂದು ಅವನು ಕೆತ್ತಿಸಿದ. ಅಶೋಕನಿಗೆ ಮುಖ್ಯವಾದದ್ದು ಆಡಿದವನು, ಭಿಕ್ಷುವಿಗೆ ಆಡಿದ್ದು. ಮುಂದೆ ಮಹಾಯಾನದವರು ತಮ್ಮ ಹೊಸ ಸೂತ್ರಗಳಿಗೆ ನೆಲೆ ಕಂಡುಕೊಂಡದ್ದು ಭಿಕ್ಷುವಿನ ದಾರಿಯಲ್ಲಿ. ಹಾಗೆಂದು ಬಂದದ್ದನ್ನೆಲ್ಲ ರಾಶಿಗೆ ಸೇರಿಸಿಕೊಳ್ಳಿ ಎಂದು ಬೌದ್ಧರು ಹೇಳಲಿಲ್ಲ. ಯಾರಾದರೂ ಇದು ಬುದ್ಧನ ಮಾತೆಂದರೆ ಹೊಗಳಲೂ ಬೇಡಿ, ತೆಗಳಲೂ ಬೇಡಿ, ಮೊದಲು ಸೂತ್ರ ಮತ್ತು ವಿನಯದೊಂದಿಗೆ ಇಟ್ಟು ನೋಡಿ ಎಂಬ ಉಪದೇಶ ಮಹಾಪರಿನಿಬ್ಬಾನ ಸುತ್ತದಲ್ಲೇ ಇದೆ.

ಇಂಥ ಪರೀಕ್ಷೆ ಇಲ್ಲದ ಕಡೆ ಅನಾಹುತಗಳೂ ಆಗಿವೆ. ಕಾರ್ಲೋಸ್ ಕಾಸ್ಟನೇಡಾ 1968ರಲ್ಲಿ ಬರೆದ ಪುಸ್ತಕ, ಮೆಕ್ಸಿಕೋದ ಯಾಕಿ ಬುಡಕಟ್ಟಿನ ಡಾನ್ ಹುವಾನ್ ಎಂಬ ಜ್ಞಾನಿ ತನಗೆ ಕೊಟ್ಟ ಉಪದೇಶವೆಂದು ಹೇಳಿಕೊಂಡಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅವನಿಗೆ ಮಾನವಶಾಸ್ತ್ರದಲ್ಲಿ ಡಾಕ್ಟರೇಟನ್ನೂ ಕೊಟ್ಟಿತು. 1976ರಲ್ಲಿ ರಿಚರ್ಡ್ ಡಿ ಮಿಲ್ ಆ ಪುಸ್ತಕಗಳ ದಿನಾಂಕಗಳನ್ನು ಒಂದರ ಪಕ್ಕ ಒಂದಿಟ್ಟು, ಅವು ಒಂದಕ್ಕೊಂದು ತಾಳೆಯಾಗುವುದಿಲ್ಲವೆಂದು ತೋರಿಸಿದ. ಯಾಕಿ ಜನರ ನಿಜವಾದ ಆಚರಣೆಗಳಿಗೂ ಅದರಲ್ಲಿದ್ದುದಕ್ಕೂ ಸಂಬಂಧವೇ ಇಲ್ಲವೆಂದು ಬಲ್ಲವರು ಹೇಳಿದರು. ಓದಿ ಪುಳಕಗೊಂಡು ಸುಮ್ಮನಾದವರಿಗೆ ನಷ್ಟವೇನೂ ಆಗಲಿಲ್ಲ. ಅವನನ್ನೇ ಗುರುವೆಂದು ನಂಬಿ, ಮನೆಮಂದಿಯನ್ನು ತೊರೆದು ಜೊತೆಗಿದ್ದವರ ಕತೆ ಹಾಗಲ್ಲ. 1998ರಲ್ಲಿ ಅವನು ಸತ್ತ ಬೆನ್ನಲ್ಲೇ ಅವನ ಆಪ್ತವಲಯದ ಕೆಲವು ಮಹಿಳೆಯರು ಕಾಣೆಯಾದರು. ಅವರಲ್ಲೊಬ್ಬರ ಅಸ್ಥಿ 2003ರಲ್ಲಿ ಡೆತ್ ವ್ಯಾಲಿ ಮರುಭೂಮಿಯಲ್ಲಿ ಸಿಕ್ಕಿತು. ಮಾತಿನಲ್ಲಿ ಹುರುಳಿದ್ದರೆ ಸಾಕು, ಮೂಲ ಯಾವುದಾದರೇನು ಎಂದು ತಳ್ಳಿಹಾಕುವವರು ಈ ಅಸ್ಥಿಯನ್ನು ಮರೆಯಬಾರದು.

ಇನ್ನು ವಚನಗಳ ಮಾತು. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದು ಅನುಭವ ಮಂಟಪದಲ್ಲಿ ಅಲ್ಲಮನ ಎದುರು ನಿಲ್ಲುವ ದೃಶ್ಯ ಯಾವ ಕನ್ನಡಿಗನಿಗೆ ಗೊತ್ತಿಲ್ಲ? ಉಡುಗೆ ತೊರೆದವಳು ಕೂದಲಿನಿಂದ ಮೈ ಮರೆಮಾಡಿಕೊಂಡದ್ದೇಕೆ ಎಂಬ ಪ್ರಶ್ನೆ, ಅದಕ್ಕೆ ಅವಳ ಉತ್ತರ, ಕೊನೆಗೆ ಹಿರಿಯ ಶರಣರೆಲ್ಲ ಅವಳಿಗೆ ತಲೆಬಾಗುವುದು. ನಾಟಕ, ಪಠ್ಯಪುಸ್ತಕ, ಪ್ರವಚನಗಳಲ್ಲೆಲ್ಲ ಇದು ಇತಿಹಾಸವೆಂಬಂತೆ ಬರುತ್ತದೆ. ಆದರೆ ಅಕ್ಕನ ಕಾಲಕ್ಕೆ ಹತ್ತಿರದ ಹರಿಹರ ಬರೆದ ರಗಳೆಯಲ್ಲಿ ಅವಳು ಕಲ್ಯಾಣಕ್ಕೆ ಬರುವುದೇ ಇಲ್ಲ. ಉಡುತಡಿಯಿಂದ ಶ್ರೀಶೈಲಕ್ಕೆ ಹೋಗುತ್ತಾಳೆ. ಈ ಮುಖಾಮುಖಿ ಪೂರ್ಣರೂಪದಲ್ಲಿ ಬರುವುದು ಶತಮಾನಗಳ ತರುವಾಯ, 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಸಂಕಲಿಸಿದ 'ಶೂನ್ಯಸಂಪಾದನೆ'ಯಲ್ಲಿ. ಬೇರೆಬೇರೆ ಶರಣರ ಬಿಡಿ ವಚನಗಳನ್ನು ಆಯ್ದು, ನಡುವೆ ಗದ್ಯದ ಕೊಂಡಿ ಹಾಕಿ, ಅವರೆಲ್ಲ ಒಂದೇ ಕಡೆ ಕೂತು ಮಾತಾಡಿದಂತೆ ಅವನು ಹೆಣೆದ. ಅವನ ಬಳಿಕ ಇನ್ನೂ ಮೂವರು ಅದನ್ನು ತಮ್ಮ ತಮ್ಮ ರೀತಿಯಲ್ಲಿ ಮತ್ತೆ ಕಟ್ಟಿದರು.

ಇದು ತಿಳಿದಾಗ ಕೆಲವರಿಗೆ ನೋವಾಗುತ್ತದೆ. ನೋವಿಗೆ ಕಾರಣವಿಲ್ಲ ಎನ್ನಲಾಗದು. ಆದರೆ ಕಳೆದುಕೊಂಡದ್ದಕ್ಕಿಂತ ಸಿಕ್ಕಿದ್ದೇ ಹೆಚ್ಚು. ಒಬ್ಬ ಹೆಣ್ಣುಮಗಳು ತುಂಬಿದ ಸಭೆಯಲ್ಲಿ ತನ್ನ ಅರಿವನ್ನು ತಾನೇ ಸಾಧಿಸಿ ತೋರಿಸಬೇಕು, ಸಭೆ ಅದನ್ನು ಒಪ್ಪಬೇಕು ಎಂದು 15ನೇ ಶತಮಾನದ ವಿರಕ್ತರಿಗೆ ಅನಿಸಿತಲ್ಲ, ಅದು ಕಡಿಮೆ ಸಂಗತಿಯೇ? ದೃಶ್ಯ ನಡೆದದ್ದಲ್ಲವಾದರೆ, ಅದು ಒಂದು ಪರಂಪರೆ ತನ್ನ ಹಿರಿಯಳನ್ನು ಓದಿಕೊಂಡ ರೀತಿ. ಹರಿಹರನ ಅಕ್ಕನನ್ನೂ ಶೂನ್ಯಸಂಪಾದನೆಯ ಅಕ್ಕನನ್ನೂ ಬೇರೆಬೇರೆಯಾಗಿ ಬಲ್ಲವನಿಗೆ ಇಬ್ಬರು ಅಕ್ಕಂದಿರು ಸಿಗುತ್ತಾರೆ. ಬೆರೆಸಿಬಿಟ್ಟವನಿಗೆ ಇಬ್ಬರೂ ಮಸುಕು.

ಅಂಕಿತದ ವಿಚಾರ ಇನ್ನೂ ಸೂಕ್ಷ್ಮ. ಬಹುತೇಕ ವಚನಗಳ ಕೊನೆಯಲ್ಲಿರುವುದು ಬರೆದವರ ಹೆಸರಲ್ಲ, ಅವರ ದೇವರ ಹೆಸರು. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಗುಹೇಶ್ವರ ಎಂದಿದ್ದರೆ ಅಲ್ಲಮನದು ಎಂದು ನಾವು ತಿಳಿಯುತ್ತೇವೆ. ಅದೇ ಅಂಕಿತವಿಟ್ಟು ಆಮೇಲಿನವರು ಬರೆದು ಸೇರಿಸುವುದೂ ಸುಲಭ. ಹಾಗೆ ಸೇರಿದವೂ ಇವೆ. ಸಂಪಾದಕರು ಅದಕ್ಕೇ ಓಲೆಗರಿಗಳನ್ನು ಒಂದಕ್ಕೊಂದು ಹೋಲಿಸುತ್ತಾರೆ, ಭಾಷೆಯ ವಯಸ್ಸು ನೋಡುತ್ತಾರೆ. ಪೋರ್ಚುಗೀಸರ ಹಿಂದೆ ಬಂದ ಮೆಣಸಿನಕಾಯಿಯೋ ಹೊಗೆಸೊಪ್ಪೋ 12ನೇ ಶತಮಾನದ್ದೆನ್ನುವ ವಚನದಲ್ಲಿ ಕಂಡರೆ ಅದು ಈಚಿನದೆಂದು ತಿಳಿಯಲು ಹೆಚ್ಚು ಪಾಂಡಿತ್ಯ ಬೇಡ. ಮಾತೆ ಮಹಾದೇವಿಯವರು 'ವಚನ ದೀಪ್ತಿ'ಯಲ್ಲಿ ಬಸವಣ್ಣನವರ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಿದಾಗ ನಾಡಿನಲ್ಲಿ ಕೋಲಾಹಲವೆದ್ದಿತು. 1998ರಲ್ಲಿ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ವಚನಗಳ ಉಳಿದ ಮಾತು ಇದ್ದಂತೆಯೇ ಇತ್ತು. ಆದರೂ ಜನ ನೊಂದರು. ಬಸವಣ್ಣ ಯಾರನ್ನು ಕೂಗಿ ಕರೆದು ಮಾತಾಡುತ್ತಿದ್ದರೋ ಆ ಕರೆಯೇ ಬದಲಾಗಿತ್ತು.

ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮಠಮನೆಗಳ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಓಲೆಗರಿಗಳನ್ನು ಹುಡುಕಿಕೊಂಡು ಊರೂರು ಅಲೆದು, 1923ರಲ್ಲಿ 'ವಚನಶಾಸ್ತ್ರಸಾರ' ಪ್ರಕಟಿಸಿದರು. ಮುದ್ರಣಾಲಯಕ್ಕಾಗಿ ಮನೆಯನ್ನೂ ಮಾರಿದರು. ಆ ಕೆಲಸವೇ ಮುಂದೆ ಬೆಳೆದು, 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹದಿನೈದು ಸಮಗ್ರ ವಚನ ಸಂಪುಟಗಳಾದವು. ಅಲ್ಲಿ ಬಸವಣ್ಣ, ಅಲ್ಲಮ, ಅಕ್ಕನ ಜೊತೆಗೆ ಯಾರೆಂದೇ ತಿಳಿಯದವರ ವಚನಗಳೂ ಇವೆ. ಓಲೆಯಲ್ಲಿ ಮಾತು ಉಳಿದಿದೆ, ಆಡಿದವರ ಹೆಸರು ಅಳಿದಿದೆ. ಸಂಪಾದಕರು ಅವನ್ನು ಕೈಬಿಡಲಿಲ್ಲ, ದೊಡ್ಡವರ ಲೆಕ್ಕಕ್ಕೂ ಬರೆಯಲಿಲ್ಲ. 'ಅಜ್ಞಾತ' ಎಂದು ಮೇಲೆ ಹಾಕಿ, ಕೆಳಗೆ ವಚನವನ್ನು ಇದ್ದಂತೆಯೇ ಅಚ್ಚು ಮಾಡಿದರು.