ಗೌರಿ ಗೊಡ್ಡಲ್ಲ, ಹೋರಿಗೆ ಸೆಕೆ!

ಜೂನ್ ತಿಂಗಳ ಒಂದು ಭಾನುವಾರ ಬೆಳಗ್ಗೆ ಊರಿಂದ ಮಾವನ ಫೋನು. "ಗೌರಿ ಮತ್ತೆ ಬೆದೆಗೆ ಬಂದ್ಳು ಕಣೋ. ಇದು ಮೂರನೇ ಸಲ. ಗೊಡ್ಡು ಬಿದ್ದಿರಬೇಕು, ಸಂತೆಗೆ ಹೊಡ್ಕೊಂಡು ಹೋಗ್ತೀನಿ."

ಗೌರಿ ಅಂದ್ರೆ ಮಾವನ ಮನೆಯ ಎಚ್‌ಎಫ್ ಕ್ರಾಸ್ ಹಸು. ಡೇರಿಗೆ ಹಾಲು ಹಾಕಿದ ದುಡ್ಡಲ್ಲೇ ಮಗಳ ಕಾಲೇಜ್ ಫೀಸು. ಗಬ್ಬ ನಿಲ್ಲದ ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತೆ. ಒಂದು ಸಲ ತಪ್ಪಿದರೆ ಮೂರು ವಾರದ ಮೇವು ದಂಡ, ಕರು ಮತ್ತು ಹಾಲು ಅಷ್ಟೇ ಹಿಂದಕ್ಕೆ. ಬೈಗುಳ ಮಾತ್ರ ಹಸುವಿಗೆ. (ಮನುಷ್ಯರ ಮನೆಯಲ್ಲೂ ಹೀಗೇ ಅಲ್ವಾ?)

ಸದ್ಯ, ಸಂತೆಗೆ ಮುಂಚೆ ಪಶುವೈದ್ಯರು ಬಂದರು. ಗೌರಿಯನ್ನು ಪರೀಕ್ಷಿಸಿ, "ಇವಳಿಗೇನೂ ಆಗಿಲ್ಲ. ಯಾವ ಹೋರಿ ಬಿಡಿಸಿದ್ರಿ?" ಅಂದರು. ಪಕ್ಕದ ಬೀದಿಯ ಎಚ್‌ಎಫ್ ಹೋರಿ. ವಿಚಾರಿಸಿದರೆ ಅದೇ ಹೋರಿ ಬಿಡಿಸಿದ ಇನ್ನೂ ಮೂರು ಮನೆಯ ಹಸುಗಳು ತಿರುಗಿ ಬೆದೆಗೆ ಬಂದಿದ್ದವು. ಏಪ್ರಿಲ್, ಮೇ ಪೂರ್ತಿ ಆ ಹೋರಿ ತಗಡಿನ ಶೀಟಿನ ಕೊಟ್ಟಿಗೆಯಲ್ಲಿ ಬೆಂದಿತ್ತು.

ಹೋರಿಯ ಮೈ ಬಿಸಿ ಸುಮಾರು 38.5 ಡಿಗ್ರಿ. ಬೀಜ ಸರಿಯಾಗಿ ತಯಾರಾಗಲು ವೃಷಣ ಅದಕ್ಕಿಂತ 2ರಿಂದ 6 ಡಿಗ್ರಿ ತಂಪಾಗಿರಬೇಕು. ಅದಕ್ಕೇ ಅದು ಹೊಟ್ಟೆಯ ಹೊರಗೆ ನೇತಾಡೋದು. ಸೆಕೆಯಾದರೆ ಸ್ನಾಯು ಸಡಿಲಗೊಂಡು ಚೀಲ ಕೆಳಗಿಳಿಯುತ್ತೆ, ಚಳಿಯಾದರೆ ಮೇಲಕ್ಕೆ ಸೇದಿಕೊಳ್ಳುತ್ತೆ. ಚೀಲದ ಚರ್ಮ ಬೆವರುತ್ತೆ ಕೂಡ. ಇದಕ್ಕಿಂತ ಚೆಂದದ ವ್ಯವಸ್ಥೆ ಚೀಲದ ಕುತ್ತಿಗೆಯಲ್ಲಿದೆ. ಒಳಗೆ ಬರುವ ಬಿಸಿ ರಕ್ತದ ನಾಳಕ್ಕೆ, ತಣ್ಣಗಾಗಿ ವಾಪಸ್ ಹೋಗುವ ರಕ್ತದ ಸಣ್ಣ ಸಣ್ಣ ನಾಳಗಳು ಬಳ್ಳಿ ಹಾಗೆ ಸುತ್ತಿಕೊಂಡಿರುತ್ತವೆ. ಹೋಗೋ ರಕ್ತ ಬರೋ ರಕ್ತವನ್ನು ದಾರಿಯಲ್ಲೇ ತಣ್ಣಗೆ ಮಾಡುತ್ತೆ! ಹೋರಿಗೆ ವಿಪರೀತ ಹಿಂಡಿ ತಿನ್ನಿಸಿ ಕೊಬ್ಬಿಸಿದರೆ ಅಲ್ಲೇ ಕೊಬ್ಬು ತುಂಬಿ ಈ ಕೆಲಸ ಕೆಡುತ್ತೆ.

ನಮ್ಮ ಹಳ್ಳಿಕಾರ್, ಅಮೃತಮಹಲ್‌ನಂಥ ಡುಬ್ಬದ ತಳಿಗಳು ಸೆಕೆ ಚೆನ್ನಾಗಿ ತಡೀತವೆ. ಚಳಿ ದೇಶದ ಎಚ್‌ಎಫ್‌ಗೆ ಅದು ಕಷ್ಟ.

ಮಾವನಿಗೆ ಅರ್ಥವಾಗದ್ದು ಒಂದೇ. "ಹೋರಿ ಹಾರೋದರಲ್ಲಿ ಏನೂ ಕಮ್ಮಿ ಇರಲಿಲ್ವಲ್ಲ ಡಾಕ್ಟ್ರೇ?" ಎಡವೋದು ಅಲ್ಲೇ. ಸೆಕೆ ಹೊಡೆದ ಹೋರಿಗೂ ಹುಮ್ಮಸ್ಸು ಇರುತ್ತೆ, ಬೀಜ ಮಾತ್ರ ಕೆಟ್ಟಿರುತ್ತೆ. ಒಂದು ಬೀಜಾಣು ತಯಾರಾಗಲು ಸುಮಾರು 61 ದಿನ ಬೇಕು, ಹೊರಬರಲು ಇನ್ನೂ ಒಂದು ವಾರಕ್ಕಿಂತ ಹೆಚ್ಚು. ಹಾಗಾಗಿ ಬೇಸಿಗೆಯ ಏಟು ಮಳೆಗಾಲದಲ್ಲೂ ಕಾಣುತ್ತೆ. ಹೋರಿಗೆ ಜೋರು ಜ್ವರ ಬಂದು ಹೋದರೂ ಇದೇ ಕಥೆ.

ಗೌರಿಗೆ ಈ ಸಲ ಕಡ್ಡಿ ಹಾಕಿಸಿದರು. ವೀರ್ಯವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಚೆನ್ನಾಗಿದ್ದರೆ ಮಾತ್ರ ಕಡ್ಡಿಗೆ ತುಂಬಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡ್ತಾರೆ. ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ ಇದಕ್ಕಂತಲೇ ಕೇಂದ್ರ ಸರ್ಕಾರದ ಸಂಸ್ಥೆ ಇದೆ.

ಸೆಪ್ಟೆಂಬರ್‌ನಲ್ಲಿ ಡಾಕ್ಟ್ರು ಕೈ ಹಾಕಿ ನೋಡಿದರು. ಗಬ್ಬ ನಿಂತಿದೆ. ಹೋರಿ ಮನೆಯವರು ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದ್ದಾರೆ, ಮುಂದಿನ ಬೇಸಿಗೆಯಿಂದ ಮಧ್ಯಾಹ್ನ ಹುಣಸೆಮರದ ಕೆಳಗೆ ಕಟ್ತಾರಂತೆ.